ಎರಡು ಸಾವಿರದ ಆರುನೂರು ಸೂರ್ಯರು

“ಎಂಟನೇ ಕ್ಲಾಸಿಗೇ ಪುಸ್ತಕ ಬಿಸಾಕಿ ಓಡಿಹೋದ ಗಿರಾಕಿ ಇವನು. ಈಗ ಸೂರ್ಯನಿಗೇ ಮುಖ ತೊಳೆಸಿದ್ದಾನೆ. ಎಲ್ಲರೂ ಒಂದು ಸಲ ಚಪ್ಪಾಳೆ ಹೊಡೀರಪ್ಪ!”

ಬೆಳಗಿನ ಎಂಟೂವರೆ. ನಾವು ಅರವತ್ತು ಜನ ನಾಲ್ಕು ಸಾಲಾಗಿ ನಿಂತಿದ್ದೆವು. ಡೈರೆಕ್ಟರ್ ಚೂ ನನ್ನನ್ನು ಸಾಲಿನಿಂದ ಹೊರಗೆ ಕರೆದು, ಎಲ್ಲರ ಕಡೆ ಮುಖ ಮಾಡಿಸಿ ನಿಲ್ಲಿಸಿ ಈ ಮಾತು ಹೇಳಿದರು. ಹಿಂದಿನ ಸಾಲಿನಲ್ಲಿ ಯಾರೋ ಇಬ್ಬರು ನಿಜವಾಗಿಯೂ ಚಪ್ಪಾಳೆ ಹೊಡೆದರು. ತಮಾಷೆ ಯಾವುದು, ಅಪ್ಪಣೆ ಯಾವುದು ಎಂದು ಆ ಮನುಷ್ಯನ ಬಾಯಲ್ಲಿ ತಿಳಿಯುತ್ತಿರಲಿಲ್ಲ.

“ಹೆಸರು ಹೇಳು.”

“ಮೋ ಷೂಲಿನ್.”

“ಕೆಲಸ?”

“ಪುಟ ಸ್ವಚ್ಛ ಮಾಡೋದು.”

“ಎಷ್ಟು ಸ್ವಚ್ಛ ಮಾಡಿದೀಯ ಅಂತ ನಿನ್ನ ಬಾಯಲ್ಲೇ ಕೇಳೋಣ. ಒಬ್ಬರು ಮೇಷ್ಟ್ರು ಮೂವತ್ತೊಂದು ವರ್ಷ ಸೂರ್ಯನ ಕಲೆಗಳನ್ನ ಬರೆದಿಟ್ಟಿದ್ರು. ಎರಡು ಸಾವಿರದ ಆರುನೂರು ಹಾಳೆ. ಈಗ ನಮ್ಮ ಗ್ರಂಥಾಲಯದಲ್ಲಿ ಎಷ್ಟಿವೆ?”

“ಒಂದು.”

“ಅದರಲ್ಲಿ ಏನಿದೆ?”

“ಏನೂ ಇಲ್ಲ. ಒಂದು ವೃತ್ತ.”

ಈ ಸಲ ನಗು ಎಲ್ಲ ಸಾಲುಗಳಿಂದಲೂ ಬಂತು. ಚೂ ಅವರ ಗಂಟಲು ಹಿಡಿಯಬೇಕೆನಿಸಿತು. ಹಿಡಿಯಲಿಲ್ಲ. ಆ ಮಾತಿನಲ್ಲಿ ಒಂದಿಷ್ಟಾದರೂ ಸುಳ್ಳಿದ್ದಿದ್ದರೆ ನನ್ನ ಕೋಪಕ್ಕೆ ನಿಲ್ಲಲು ಜಾಗವಿರುತ್ತಿತ್ತು. ಒಂದು ತಪ್ಪಿತ್ತು ನಿಜ, ಆದರೆ ಅದು ನನಗೆ ನೆರವಾಗುವಂಥದ್ದಲ್ಲ. ಗೊತ್ತಿಲ್ಲದೆ ಅಳಿಸಿದೆ ಎಂದು ಅವರು ತಿಳಿದಿದ್ದರು. ಆ ಅರವತ್ತು ಜನವೂ ಹಾಗೆಯೇ ತಿಳಿದು ನಕ್ಕರು. ಗೊತ್ತಿದ್ದೇ ಅಳಿಸಿದ್ದೆ ಎಂಬುದು ಗ್ವೇಯ್‌ಚೋ ಪ್ರಾಂತದಲ್ಲೆಲ್ಲ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬ ನಾನು. ಇನ್ನೊಬ್ಬರು ಆ ಹಾಳೆಗಳನ್ನು ಬರೆದಿಟ್ಟ ಲ್ಯಾವ್ ಮೇಷ್ಟ್ರು.

ಆನ್‌ಷುನ್ ಊರಾಚೆ, ಮುಚ್ಚಿಹೋದ ತಂಬಾಕು ಕಾರ್ಖಾನೆಯ ಮೂರನೇ ಮಹಡಿಯಲ್ಲಿ ನಮ್ಮ ಕೆಲಸ. ಬೆಟ್ಟದ ಶಾಲೆಗಳ ಮಕ್ಕಳಿಗೆ ವಿಜ್ಞಾನ ಕಲಿಸಲು ಬೇಕಾದದ್ದನ್ನೆಲ್ಲ ಕಂಪ್ಯೂಟರಿನೊಳಗೆ ತುಂಬಿಸುವ ಗ್ರಂಥಾಲಯ ಅದು. ನಲವತ್ತು ಲಕ್ಷ ಪುಟ ಗುರಿ. ಹಳೆಯ ಪಠ್ಯಪುಸ್ತಕ, ಗೋಡೆಗೆ ತೂಗುಹಾಕುವ ಕಪ್ಪೆಯ ಕರುಳಿನ ಪಟ, ಯಾವುದೋ ಕೌಂಟಿಯ ಪ್ರೌಢಶಾಲೆಯವರು ಬರೆದಿಟ್ಟ ಮಳೆ ಲೆಕ್ಕ, ಒಣಗಿಸಿ ಅಂಟಿಸಿದ ಎಲೆಗಳ ಪುಸ್ತಕ. ಬಂದದ್ದನ್ನೆಲ್ಲ ಕೆಳಗಿನವರು ಸ್ಕ್ಯಾನ್ ಮಾಡಿ ಮೇಲಕ್ಕೆ ಕಳಿಸುತ್ತಿದ್ದರು, ನಾವು ಪುಟಗಳ ಕೊಳೆ ತೆಗೆಯುತ್ತಿದ್ದೆವು. ನಮ್ಮ ಸೀಮೆಯ ಕಾಗದಕ್ಕೆ ಕೊಳೆ ಬೇರೆಲ್ಲಿಂದಲೋ ಬರಬೇಕಾಗಿಲ್ಲ. ಮೂರು ದಿನ ಒಟ್ಟಿಗೆ ಬಿಸಿಲು ಕಾಣದ ಊರು ಎಂದು ನಮ್ಮವರೇ ಹೇಳಿಕೊಳ್ಳುತ್ತಾರೆ. ಕಪಾಟಿನಲ್ಲಿಟ್ಟ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಇನ್ನು ಕಾಗದದ ಪಾಡು ಕೇಳಬೇಕೆ.

ಪುಟ ತೆರೆಯಿತು ಎಂದರೆ ಯಂತ್ರವೇ ಕೊಳೆ ಹುಡುಕಿ ಪ್ರತಿ ಚುಕ್ಕೆಯ ಸುತ್ತ ಹಳದಿ ಚೌಕ ಹಾಕುತ್ತಿತ್ತು. ಚಿತ್ರವಿರುವ ಪುಟವಾದರೆ ಒಂದೊಂದೇ ಚೌಕ ನೋಡಿ ಅಳಿಸಬೇಕು. ಬರೀ ಅಕ್ಷರದ್ದೋ ಖಾಲಿ ನಮೂನೆಯೋ ಆದರೆ ಒಂದೇ ಗುಂಡಿ ಒತ್ತಿದರಾಯಿತು, ಎಲ್ಲ ಚೌಕಗಳೂ ಮಾಯ. ಅಂಚಿನಲ್ಲಿ ಯಾರಾದರೂ ಕೈಬರಹದಲ್ಲಿ ಗೀಚಿದ್ದರೆ ಅದನ್ನೂ ತೆಗೆಯಬೇಕು. ಒಂದೇ ಥರದ ಖಾಲಿ ನಮೂನೆಗಳು ಬಂದರೆ ಒಂದನ್ನು ಉಳಿಸಿಕೊಂಡು ಉಳಿದದ್ದನ್ನು ಯಂತ್ರವೇ ಕೈಬಿಡುತ್ತಿತ್ತು. ಇದು ನಿಯಮ. ಯಾವ ಪುಟ ಯಾವ ಜಾತಿಯದು ಎಂದು ಗುರುತು ಹಾಕುವವನು ಮಾತ್ರ ಮನುಷ್ಯ. ಅಂದರೆ ನಾನು.

ನಾನು ವೇಗದವನು. ಹದಿನೈದನೇ ವಯಸ್ಸಿಗೆ ದೋಂಗ್ವಾನ್‌ನಲ್ಲಿ ಫೋನಿನ ಕಾರ್ಖಾನೆಯಲ್ಲಿ ಗಾಜು ಒರೆಸುವ ಸಾಲಿನಲ್ಲಿ ನಿಂತವನಿಗೆ ಇದೇನು ದೊಡ್ಡದು? ಪ್ರತಿ ತಿಂಗಳು ಎಲ್ಲರಿಗಿಂತ ಹೆಚ್ಚು ಪುಟ ಮಾಡಿದವನ ಪರದೆಯ ಮೇಲೆ ಒಂದು ಪುಟ್ಟ ಕೆಂಪು ಬಾವುಟ ಸಿಕ್ಕಿಸುತ್ತಿದ್ದರು. ಮೂರು ತಿಂಗಳು ಸತತವಾಗಿ ಅದು ನನ್ನ ಪರದೆಯ ಮೇಲಿತ್ತು. ಹನ್ನೆರಡು ವರ್ಷ, ಹದಿನಾರು ವರ್ಷ ಓದಿ ಬಂದವರು ನನ್ನ ಅಕ್ಕಪಕ್ಕ ಕೂತು ನನಗಿಂತ ಹಿಂದಿದ್ದರು. ಬಾವುಟ ಕಾಗದದ್ದು, ನಾಲ್ಕು ಬೆರಳು ಅಗಲ. ನಗುವವರು ನಗಲಿ, ಶಾಲೆ ನನಗೆ ಅಂಥದ್ದೊಂದನ್ನೂ ಕೊಟ್ಟಿರಲಿಲ್ಲ.

ಲ್ಯಾವ್ ಮೇಷ್ಟ್ರು ಬಂದದ್ದು ಆ ವರ್ಷದ ಐದನೇ ತಿಂಗಳಲ್ಲಿ, ಮಧ್ಯಾಹ್ನದ ನಿದ್ದೆಯ ಹೊತ್ತಿಗೆ. ಊಟವಾದ ಮೇಲೆ ಒಂದು ಗಂಟೆ ದೀಪ ಆರಿಸಿ, ಎಲ್ಲರೂ ಮೇಜಿನ ಮೇಲೆ ತೋಳು ಮಡಿಸಿಟ್ಟು ತಲೆಯಿಟ್ಟು ಮಲಗುವುದು ನಮ್ಮಲ್ಲಿ ವಾಡಿಕೆ. ಬಾವುಟ ಉಳಿಸಿಕೊಳ್ಳಬೇಕಾದವನಿಗೆ ಎಲ್ಲಿಯ ನಿದ್ದೆ, ನಾನೊಬ್ಬನೇ ಎಚ್ಚರವಿದ್ದೆ. ಬೆನ್ನಿಗೆ ಬಿದಿರು ಬುಟ್ಟಿ ಹೊತ್ತ ಮುದುಕರೊಬ್ಬರು ಬಾಗಿಲಲ್ಲಿ ನಿಂತು, ಮಲಗಿದವರನ್ನು ನೋಡಿ, ಚಪ್ಪಲಿ ಸದ್ದಾಗದಂತೆ ನನ್ನ ಮೇಜಿನವರೆಗೆ ನಡೆದು ಬಂದರು. ಬುಟ್ಟಿಯಲ್ಲಿ ಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದದ ಕಟ್ಟುಗಳಿದ್ದವು.

“ಕೆಳಗೆ ಯಾರೂ ಎದ್ದಿಲ್ಲಪ್ಪ. ಇಲ್ಲೇ ಕೊಡಬಹುದಾ?” ಎಂದರು ಪಿಸುದನಿಯಲ್ಲಿ.

“ಏನದು?”

“ಸೂರ್ಯ.” ಅವರು ನಕ್ಕರು. ಮುಂದಿನ ಎರಡು ಹಲ್ಲಿರಲಿಲ್ಲ. “ಲ್ಯಾವ್ ದೆಪೇ ಅಂತ. ಜಿಯುನ್ ಕೌಂಟಿಲಿ ಮೇಷ್ಟ್ರಾಗಿದ್ದೆ. ಮಧ್ಯಾಹ್ನ ಬಿಸಿಲು ಬಂದ ದಿನ, ದೂರದರ್ಶಕದಿಂದ ಸೂರ್ಯನ ಬಿಂಬ ಹಾಳೆ ಮೇಲೆ ಬೀಳಿಸ್ತಿದ್ವಿ. ಮಕ್ಕಳು ಅದರ ಕಲೆಗಳನ್ನ ಪೆನ್ಸಿಲ್‌ನಲ್ಲಿ ಗುರುತು ಮಾಡೋರು. ನಾನಿರೋ ವಸತಿಗೃಹ ಕೆಡವ್ತಾ ಇದಾರೆ, ಇಡೋಕೆ ಜಾಗ ಇಲ್ಲ. ನಿಮ್ಮಲ್ಲಿ ಇದ್ರೆ ಎಲ್ಲ ಶಾಲೆಗೂ ಸಿಗುತ್ತಲ್ಲ.”

ಒಂದು ಹಾಳೆ ತೆಗೆದು ತೋರಿಸಿದರು. ಅಂಗೈಗಿಂತ ಸ್ವಲ್ಪ ದೊಡ್ಡ ಅಚ್ಚಿನ ವೃತ್ತ, ಒಳಗೆ ಐದಾರು ಚುಕ್ಕೆ. ಮೂಲೆಯಲ್ಲಿ ದಿನಾಂಕ, ಬರೆದ ಹುಡುಗನ ಹೆಸರು. ವೃತ್ತದ ಒಳಗೂ ಹೊರಗೂ ಬೂಷ್ಟು.

“ಇದರಲ್ಲೇ ಒಂದು ತಾಪತ್ರಯ ನೋಡು,” ಅವರು ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. “ಎರಡು ಥರದ ಚುಕ್ಕೆ ಇವೆ. ಕಂದು ಬಣ್ಣದ್ದು, ಅಂಚು ಮೆತ್ತಗಿರೋದು ಬೂಷ್ಟು. ಪೆನ್ಸಿಲ್‌ದು ಹೀಗೆ ಹಿಡಿದ್ರೆ ಹೊಳೆಯುತ್ತೆ, ಅದು ಸೂರ್ಯನದು. ನಿಮ್ಮ ಯಂತ್ರದಲ್ಲಿ ಎರಡೂ ಕಪ್ಪಗೇ ಕಾಣುತ್ತೇನೋ. ನಾನು ನಿನ್ನ ಪಕ್ಕ ಒಂದೆರಡು ದಿನ ಕೂತ್ಕೊಂಡು ಇದು ಇಟ್ಕೋ, ಇದು ತೆಗಿ ಅಂತ ಹೇಳ್ತೀನಿ. ಊಟ ಕಟ್ಟಿಸಿಕೊಂಡೇ ಬರ್ತೀನಿ, ನಿನಗೇನೂ ತೊಂದರೆ ಕೊಡಲ್ಲ.”

ಅವರು ಕೇಳಿದ್ದು ಒಂದು ಸ್ಟೂಲು, ಅಷ್ಟೆ. ನನಗೆ ಮಾತ್ರ ಅವರ ಬೆರಳು ಕಂಡಿತು. ತೋರುಬೆರಳನ್ನು ಚುಕ್ಕೆಯಿಂದ ಚುಕ್ಕೆಗೆ ಕುಟ್ಟುತ್ತ ಹೇಳುವ ರೀತಿ ಕಂಡಿತು. ಎಂಟನೇ ಕ್ಲಾಸಿನಲ್ಲಿ ಗಣಿತದ ಮೇಷ್ಟ್ರು ಹೀಗೆಯೇ ನನ್ನ ಉತ್ತರಪತ್ರಿಕೆಯನ್ನು ಕುಟ್ಟುತ್ತ, ಅದನ್ನು ನನ್ನ ಎದೆಗೆ ಪಿನ್ನು ಚುಚ್ಚಿ, ಇಡೀ ದಿನ ಓಣಿಯಲ್ಲಿ ನಿಲ್ಲಿಸಿದ್ದರು. ಮರುದಿನದಿಂದ ನಾನು ಹೋಗಲಿಲ್ಲ. ಯಾರೋ ಮಾಡಿದ್ದಕ್ಕೆ ಯಾರ ಮೇಲೆ ಸೇಡು ಎಂದು ಈಗ ಕೇಳಿಕೊಳ್ಳಬಲ್ಲೆ. ಆಗ ಕೇಳಿಕೊಳ್ಳಲಿಲ್ಲ.

“ಪಾಠ ಮುಗೀತಾ ಮೇಷ್ಟ್ರೇ? ಗಂಟೆ ಹೊಡೀಲಾ?” ಎಂದೆ. “ಇಟ್ಟು ಹೋಗಿ. ಪಕ್ಕದಲ್ಲಿ ಕೂತು ಹೇಳಿಕೊಡೋರು ಬೇಡ ಅಂತಲೇ ನಾನು ಶಾಲೆ ಬಿಟ್ಟಿದ್ದು.”

ಅವರ ಮುಖ ಬಾಡಿತು ಎಂದೇನೂ ಹೇಳಲಾರೆ. ತಲೆಯಾಡಿಸಿದರು. “ಕೆಲಸದ ಹೊತ್ತಲ್ಲಿ ಬಂದೆ, ಬೇಜಾರು ಮಾಡ್ಕೋಬೇಡ,” ಎಂದು ಕಟ್ಟುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟು, ನಾನು ಕೊಟ್ಟ ಚೀಟಿಗೆ ಸಹಿ ಹಾಕಿದರು. ಹಾಳೆ ವಾಪಸು ಬೇಡ ಎಂಬ ಕಡೆ ಗುರುತು ಹಾಕಿದರು. ಖಾಲಿ ಬುಟ್ಟಿ ಹೊತ್ತು, ಬಂದ ಹಾಗೆಯೇ ಸದ್ದಿಲ್ಲದೆ ಹೋದರು. ಯಾರೂ ಏಳಲಿಲ್ಲ.

ಸ್ಕ್ಯಾನ್ ಆಗಿ ಅವು ನನ್ನ ಪರದೆಗೆ ಬಂದ ದಿನ ಪಾನ್ ಅಕ್ಕ ಬಂದು ಇಣುಕಿದಳು. ಪಾನ್ ಅಕ್ಕ ನಮ್ಮ ಸಾಲಿನ ಮೇಲ್ವಿಚಾರಕಿ, ನಮ್ಮ ಕೌಂಟಿಯವಳೇ.

“ಏನೋ ಇದು ಷೂಲಿನ್, ಬರೀ ರೊಟ್ಟಿ ರೊಟ್ಟಿ ಕಾಣ್ತಿದೆ?”

“ಖಾಲಿ ನಮೂನೆ ಅಕ್ಕ. ಬೂಷ್ಟು ಹಿಡಿದಿದೆ.”

“ಇಷ್ಟೊಂದಾ?”

“ಮೇಷ್ಟ್ರುಗಳಿಗೆ ಬೇರೆ ಕಸುಬೇನಿದೆ, ಗುಂಡಗೆ ಗೀಚೋದು, ಸೊನ್ನೆ ಕೊಡೋದು.”

ಅವಳು ನಕ್ಕು ಬೆನ್ನಿಗೊಂದು ಗುದ್ದಿ ಹೋದಳು. ನಾನು ಎಲ್ಲಕ್ಕೂ ಖಾಲಿ ನಮೂನೆ ಎಂದು ಗುರುತು ಹಾಕಿದೆ. ಒಂದು ಗುಂಡಿ, ಒಂದು ಪುಟ. ಒಂದು ಗುಂಡಿ, ಒಂದು ಪುಟ.

ಮಧ್ಯದಲ್ಲಿ ಒಮ್ಮೆ ಕೈ ನಿಂತಿತು. ಯಾವುದೋ ವರ್ಷದ ಹತ್ತನೇ ತಿಂಗಳು. ನಮ್ಮ ಕಡೆ ಎಂದೂ ಕೇಳರಿಯದ ಹಾಗೆ ಹನ್ನೊಂದು ದಿನ ಒಂದೇ ಸಮನೆ ಬಿಸಿಲು ಬಂದಿರಬೇಕು, ಹನ್ನೊಂದು ಹಾಳೆಗಳು ಸಾಲಾಗಿದ್ದವು. ವೇಗವಾಗಿ ಒಂದರ ಮೇಲೊಂದು ತೆರೆಯುತ್ತಿದ್ದಾಗ ಚುಕ್ಕೆಗಳ ಒಂದು ಗುಂಪು ವೃತ್ತದ ಒಂದು ಅಂಚಿನಿಂದ ಹೊರಟು ಇನ್ನೊಂದು ಅಂಚಿನ ಕಡೆ ನಡೆಯುತ್ತ ಹೋಯಿತು. ದೊಡ್ಡದೊಂದು ಮುಂದೆ, ಸಣ್ಣವು ಹಿಂದೆ, ಬಾತುಕೋಳಿ ತನ್ನ ಮರಿಗಳನ್ನು ಕರೆದುಕೊಂಡು ಗದ್ದೆ ದಾಟುವ ಹಾಗೆ. ಬೂಷ್ಟು ನಡೆಯುವುದಿಲ್ಲ. ಬೂಷ್ಟು ಇದ್ದಲ್ಲೇ ಹರಡುತ್ತದೆ. ಇದನ್ನು ತಿಳಿಯಲು ಯಾರೂ ಶಾಲೆಗೆ ಹೋಗಬೇಕಾಗಿಲ್ಲ. ಸೂರ್ಯ ತಿರುಗುತ್ತಾನೆ ಎಂದು ನನಗೆ ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ. ಆ ಕ್ಷಣ ನಾನೇ ಕಂಡೆ. ಹಿಂದಕ್ಕೆ ಹೋಗಿ ಇನ್ನೊಮ್ಮೆ ನೋಡಿದೆ. ಮತ್ತೊಮ್ಮೆಯೂ ನೋಡಿದೆ. ಜೀವಮಾನದಲ್ಲಿ ಏನನ್ನಾದರೂ ಅಷ್ಟು ಕಣ್ಣಿಟ್ಟು ನೋಡಿದ್ದು ಅದೇ ಮೊದಲು.

ಆಗ ಎದ್ದು ಪಾನ್ ಅಕ್ಕನ ಬಳಿ ಹೋಗಿ, “ಅಕ್ಕ, ತಪ್ಪಾಯ್ತು, ಇವು ಚಿತ್ರದ ಪುಟ,” ಎಂದಿದ್ದರೆ ಮುಗಿಯುತ್ತಿತ್ತು. ಎರಡು ಸಾವಿರದ ಆರುನೂರು ಪುಟ ಒಂದೊಂದೇ ಚುಕ್ಕೆ ನೋಡುತ್ತ ಕೂತರೆ ಬಾವುಟ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಮುದುಕರಿಗೆ ಹೇಳಿ ಕಳಿಸಿ, ಸ್ಟೂಲು ಹಾಕಿ, ಅವರು ಹೇಳಿದಂತೆ ಕೇಳಬೇಕಾಗುತ್ತಿತ್ತು. ನಾನು ಗುಂಡಿ ಒತ್ತಿದೆ. ಬಾತು, ಮರಿ ಎಲ್ಲ ಹೋದವು. ಮೂರನೇ ದಿನ ಸಂಜೆ ಯಂತ್ರ ಲೆಕ್ಕ ಹಾಕಿ ಎಲ್ಲವೂ ಒಂದೇ ನಮೂನೆ ಎಂದು ತೀರ್ಮಾನಿಸಿ ಒಂದನ್ನು ಉಳಿಸಿಕೊಂಡಿತು. ಬೂಷ್ಟು ಹಿಡಿದ ಕಾಗದ ಬೇರೆ ಪುಸ್ತಕಗಳ ಜೊತೆ ಇರಕೂಡದು. ವಾಪಸು ಬೇಡ ಎಂದು ಬೇರೆ ಬರೆದಿತ್ತು. ಹಾಳೆಗಳು ಅದೇ ವಾರ ಕಾಗದದ ಗಿರಣಿಗೆ ಹೋಗಿ ನೆನೆದು ಮುದ್ದೆಯಾದವು.

ಎಂಟನೇ ತಿಂಗಳಲ್ಲಿ ಯಾವುದೋ ಬೆಟ್ಟದ ಶಾಲೆಯ ಶಿಕ್ಷಕಿ ಗ್ರಂಥಾಲಯ ತೆರೆದು ನೋಡಿ ದೂರು ಬರೆದಳು. ಅವಳು ಲ್ಯಾವ್ ಮೇಷ್ಟ್ರ ಶಿಷ್ಯೆ, ಹುಡುಗಿಯಾಗಿದ್ದಾಗ ಅವಳೇ ನಲವತ್ತು ಹಾಳೆ ಬರೆದಿದ್ದಳಂತೆ. ‘ನನ್ನ ಮಕ್ಕಳಿಗೆ ತೋರಿಸೋಣವೆಂದು ತೆರೆದರೆ ಒಂದು ಸೊನ್ನೆ ಕಾಣುತ್ತಿದೆ’ ಎಂದು ಬರೆದಿದ್ದಳು. ಆ ದೂರಿನ ಮರುದಿನದ ಬೆಳಗಿನ ಸಭೆಯೇ ನಾನು ಮೊದಲು ಹೇಳಿದ್ದು.

ಚೂ ಬೆಳಿಗ್ಗೆ ಬೈದದ್ದು ಕೋಪದಿಂದ. ಮಧ್ಯಾಹ್ನದ ಹೊತ್ತಿಗೆ ಅವರ ಕೋಪ ಇಳಿದು ಬುದ್ಧಿ ಏರಿತ್ತು. ಪಾನ್ ಅಕ್ಕ ನನ್ನನ್ನು ಊಟದ ಕೋಣೆಯ ಮೂಲೆಗೆ ಎಳೆದಳು.

“ಕೇಳು. ಮೊದಲು ಸ್ಕ್ಯಾನ್ ಮಾಡಿದ ಪ್ರತಿ ಮುಖ್ಯ ಕಚೇರಿ ಇರೋ ಗ್ವೇಯ್‌ಯಾಂಗ್‌ನಲ್ಲಿದೆ. ಅಳಿಸೋಕೆ ಮುಂಚಿಂದು.”

“ಇದೆಯಾ? ಎಲ್ಲಾನೂ?”

“ಎಲ್ಲಾನೂ. ತೊಂಬತ್ತು ದಿನ ಇಟ್ಟು ಆಮೇಲೆ ಅದರ ಮೇಲೆ ಬೇರೆ ಬರೀತಾರೆ. ಇನ್ನು ಒಂಬತ್ತು ದಿನ ಇದೆ. ಆದ್ರೆ ಅದನ್ನ ವಾಪಸು ತರಿಸಬೇಕು ಅಂದ್ರೆ ನಮ್ಮ ಸಿಬ್ಬಂದಿ ತಪ್ಪು ಅಂತ ಬರೆದುಕೊಡಬೇಕು. ಬರೆದುಕೊಟ್ರೆ ಈ ವರ್ಷ ನಮ್ಮ ಕೇಂದ್ರ ಪಟ್ಟಿಯಲ್ಲಿ ಕೆಳಗೆ ಬೀಳುತ್ತೆ. ಸಾಹೇಬ್ರು ಬೀಳಿಸ್ತಾರಾ? ಕೊಟ್ಟವರೇ ಸರಿಯಾಗಿ ತಿಳಿಸಲಿಲ್ಲ ಅಂತ ಬರೆಸೋಕೆ ಹೊರಟಿದಾರೆ. ಹಾಗೆ ಬರೆದ್ರೆ ತರಿಸೋ ಪ್ರಶ್ನೆನೇ ಇಲ್ಲ. ಆ ಮೇಷ್ಟ್ರಿಗೆ ಕಾರ್ ಕಳಿಸಿದಾರೆ.” ಅವಳು ನನ್ನ ಮುಖ ನೋಡಿದಳು. “ಅವರು ನಿನಗೇನಾದ್ರೂ ಹೇಳಿದ್ರೇನೋ?”

“ನಿನ್ನ ಊಟ ಆರ್ತಿದೆ, ತಿನ್ನು ಹೋಗು ಅಕ್ಕ,” ಎಂದೆ.

ಮೂರು ಗಂಟೆಗೆ ಸಭೆಯ ಕೋಣೆ. ಮೇಜಿನ ಆ ಕಡೆ ಚೂ, ಬೆಳಿಗ್ಗೆ ಚಪ್ಪಾಳೆ ಹೊಡೆದವನೊಬ್ಬ, ಪಾನ್ ಅಕ್ಕ, ಸಾಕ್ಷಿ ಹಾಕಲು ಇನ್ನೂ ಮೂವರು. ಈ ಕಡೆ ಲ್ಯಾವ್ ಮೇಷ್ಟ್ರು, ಒಗೆದು ಒಗೆದು ಬಿಳಿಚಿದ ನೀಲಿ ಅಂಗಿಯಲ್ಲಿ. ನನಗೆ ಬಾಗಿಲ ಪಕ್ಕದ ಕುರ್ಚಿ. ಮೇಷ್ಟ್ರು ಒಳಗೆ ಬಂದಾಗ ನನ್ನನ್ನು ನೋಡಿದರು. ಗುರುತು ಸಿಕ್ಕಿತು. ಸಿಕ್ಕಿದ್ದು ನನಗೂ ಗೊತ್ತಾಯಿತು.

ಚೂ ತಾವೇ ಎದ್ದು ಅವರಿಗೆ ಚಹಾ ಬಗ್ಗಿಸಿದರು. “ಕುಡೀರಿ ಮೇಷ್ಟ್ರೇ, ಬಿಸಿ ಇದೆ. ನಡೆದದ್ದು ತುಂಬಾ ಬೇಜಾರಿನ ವಿಷಯ. ನಿಮ್ಮಂಥ ಹಿರಿಯರ ಶ್ರಮ.”

“ಹಾಳೆ ಹೋದದ್ದು ಗೊತ್ತಾಯ್ತು,” ಎಂದರು ಮೇಷ್ಟ್ರು. “ಆದ್ರೆ ಒಂದು ಪ್ರತಿ ಉಳಿದಿದೆ ಅಂತ ನನ್ನ ಶಿಷ್ಯೆ ಅಂದಳು.”

“ಉಳಿದಿದೆ, ಸುಳ್ಳು ಹೇಳಲ್ಲ. ಒಂಬತ್ತು ದಿನ ಇರುತ್ತೆ. ವಾಪಸು ತರಿಸೋದಕ್ಕೆ ಒಂದು ನಿಯಮ ಇದೆ.” ಅವರು ಕಾಗದವನ್ನು ಮೇಜಿನ ಮೇಲೆ ತಳ್ಳಿದರು. “ತಪ್ಪು ನಮ್ಮವನದಾಗಿರಬೇಕು. ಅಂದ್ರೆ ಚುಕ್ಕೆ ಬೇರೆ, ಬೂಷ್ಟು ಬೇರೆ ಅಂತ ನೀವು ಮೊದಲೇ ಹೇಳಿರಬೇಕು. ಹೇಳಿದ್ರೂ ಅಳಿಸಿದಾನೆ ಅಂತಾದ್ರೆ, ಇವತ್ತು ಸಂಜೆಯೊಳಗೆ ಆ ಹುಡುಗನ್ನ ಮನೆಗೆ ಕಳಿಸ್ತೀನಿ. ಮುಂದೆ ಇಂಥ ಯಾವ ಕೆಲಸಕ್ಕೂ ಅವನನ್ನ ಯಾರೂ ಸೇರಿಸ್ಕೊಳ್ಳಲ್ಲ. ಹೇಳಿರಲಿಲ್ಲ ಅಂದ್ರೆ, ಪಾಪ, ಓದಿಲ್ಲದ ಹುಡುಗ, ಅವನಿಗೇನು ಗೊತ್ತಾಗಬೇಕು? ಬೆಳಿಗ್ಗೆ ನಾನೂ ದುಡುಕಿ ನಾಲ್ಕು ಮಾತಂದೆ. ನೀವೇ ಹೇಳಿ. ನೀವು ಹೇಳಿದ್ರಾ?”

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು. ಅವರು ಹೌದು ಎಂದುಬಿಡಲಿ ಎಂದು ನಾನು ಬೇಡಿಕೊಂಡೆ. ನಿಜವಾಗಿ ಬೇಡಿಕೊಂಡೆ. ಅವರು ಹೌದೆಂದಿದ್ದರೆ ನಾನು ಎದ್ದು ಕೂಗಾಡುತ್ತಿದ್ದೆ, ಮೇಷ್ಟ್ರ ಜಾತಿಯೇ ಇಷ್ಟು ಎಂದು ಬೈಯುತ್ತಿದ್ದೆ, ಬಾಗಿಲು ಒದ್ದು ಹೋಗುತ್ತಿದ್ದೆ. ಅವರ ಸೂರ್ಯರು ಉಳಿಯುತ್ತಿದ್ದರು. ಹಾಗೆ ಬೈದು ಬಾಗಿಲು ಒದೆಯುವುದು ನನಗೆ ಬರುವ ವಿದ್ಯೆ.

“ನನಗೆ ಎಪ್ಪತ್ತಾರು,” ಎಂದರು ಕೊನೆಗೆ. “ಈಚೆಗೆ ಒಲೆ ಆರಿಸಿದ್ನೋ ಇಲ್ವೋ ಅನ್ನೋದೇ ನೆನಪಿರಲ್ಲ. ಇಂಥ ವಿಷಯದಲ್ಲಿ ನನ್ನ ಮಾತು ನಂಬಿ ಒಬ್ಬರ ಅನ್ನ ಕಳೀಬೇಡಿ. ಅವತ್ತು ಎಲ್ಲರೂ ಮಲಗಿದ್ರು, ಇವನೊಬ್ಬ ಕೆಲಸ ಮಾಡ್ತಿದ್ದ. ಇವನನ್ನೇ ಕೇಳಿ. ಇವನು ಏನು ಹೇಳ್ತಾನೋ ಅದಕ್ಕೆ ನಾನು ಸಹಿ ಹಾಕ್ತೀನಿ.”

“ಮೇಷ್ಟ್ರೇ, ಪ್ರತಿ ಹೋಗಿಬಿಡುತ್ತೆ,” ಎಂದಳು ಪಾನ್ ಅಕ್ಕ, ತಡೆಯಲಾರದೆ.

“ಗೊತ್ತಮ್ಮ.”

ಗೊತ್ತಿದ್ದೇ ಹೇಳಿದರು. ಅವರಿಗೆ ಮರೆವಿರಲಿಲ್ಲ. ಅಂದು ನಾನು ಆಡಿದ ಒಂದೊಂದು ಮಾತೂ ಅವರಿಗೆ ನೆನಪಿತ್ತು ಎಂದು ಆ ಕಣ್ಣು ನೋಡಿದ ಯಾರಾದರೂ ಹೇಳುತ್ತಿದ್ದರು. ಮೂವತ್ತೊಂದು ವರ್ಷದ ಬಿಸಿಲನ್ನು ತಂದು ನನ್ನ ನಾಲಿಗೆಯ ಮೇಲಿಟ್ಟು ಸುಮ್ಮನೆ ಕೂತರು. ಇದು ಉಪಕಾರವೋ, ಪರೀಕ್ಷೆಯೋ, ಅಥವಾ ಒಬ್ಬ ಮೇಷ್ಟ್ರು ತಿಳಿದ ಅತಿ ಕ್ರೂರವಾದ ಶಿಕ್ಷೆಯೋ, ಇಷ್ಟು ವರ್ಷವಾದರೂ ನನಗೆ ಬಗೆಹರಿದಿಲ್ಲ. ಎರಡು ಅಕ್ಷರದ ಒಂದು ‘ಹೌದು’ ಸಾಕಿತ್ತು, ಅದನ್ನು ನಾನು ಕೊಡಲಿಲ್ಲ. ಒಂಬತ್ತನೆಯ ದಿನ ಗ್ವೇಯ್‌ಯಾಂಗ್‌ನಲ್ಲಿ ಆ ಪ್ರತಿಯ ಮೇಲೆ ಬೇರೇನನ್ನೋ ಬರೆದರು ಎಂದು ಆಮೇಲೆ ಪಾನ್ ಅಕ್ಕ ಹೇಳಿದಳು. ಕೆಲಸ ಹೋಗುತ್ತದೆಂಬ ಹೆದರಿಕೆಯಿಂದ ಬಾಯಿ ಕಟ್ಟಿತು ಎಂದು ನಾನು ಬಹಳ ದಿನ ನನಗೇ ಹೇಳಿಕೊಂಡೆ. ಅದು ಸುಳ್ಳು. ಅಂಥ ಕೆಲಸ ನಾನು ಐದು ಬಿಟ್ಟಿದ್ದೇನೆ. ಹೌದು ಎಂದರೆ ಆ ಆರು ಜನರೆದುರು ನಾನು ಓದಿಲ್ಲದ ಹುಡುಗನಾಗಿ ಉಳಿಯುತ್ತಿರಲಿಲ್ಲ, ತಿಳಿದೂ ತಿಳಿದೂ ಮಾಡಿದವನಾಗುತ್ತಿದ್ದೆ. ಬೆಳಿಗ್ಗೆ ಯಾವ ಮಾತಿಗೆ ಗಂಟಲು ಹಿಡಿಯಬೇಕೆನಿಸಿತ್ತೋ ಮಧ್ಯಾಹ್ನ ಅದೇ ಮಾತಿನ ಹಿಂದೆ ಅಡಗಿ ಕೂತೆ.

“ಹೇಳೋ,” ಎಂದರು ಚೂ. ಅವರ ಪೆನ್ನು ಆಗಲೇ ಬಿಚ್ಚಿತ್ತು.

ಲ್ಯಾವ್ ಮೇಷ್ಟ್ರು ಕುರ್ಚಿಯಲ್ಲೇ ನನ್ನ ಕಡೆ ತಿರುಗಿದರು. ಅಂದು ಪಿಸುಗುಟ್ಟಿದ ಅದೇ ಮೆತ್ತನೆಯ ದನಿ.

“ಹೇಳಪ್ಪ. ಅವತ್ತು ನಾನು ನಿನಗೆ ಚುಕ್ಕೆ ವಿಷಯ ಹೇಳಿದ್ದೆನಾ?”

ನಾನು ಎದ್ದೆ. ಕುರ್ಚಿ ಗೋಡೆಗೆ ತಾಗಿತು. ಬಾಗಿಲು ತೆರೆದು ಹೊರಗೆ ಬಂದು, ಮೇಜುಗಳ ನಡುವಿನ ಉದ್ದನೆಯ ದಾರಿಯಲ್ಲಿ, ಯಾರ ಮುಖವನ್ನೂ ನೋಡದೆ ನಡೆದೆ. ಹಿಂದಿನಿಂದ ಪಾನ್ ಅಕ್ಕ ನನ್ನ ಹೆಸರು ಹಿಡಿದು ಒಂದು ಸಲ ಕೂಗಿದಳು. ನಾನು ಮೆಟ್ಟಿಲಿಳಿದೆ.